ಕೆಮ್ಮು ತೆಗೆದ ದನಿ

ನನ್ನ ಮೊಮ್ಮಗಳು ಸುವರ್ಣಾ ಎಂ.ಟೆಕ್ ಮುಗಿಸಿದಳು. ಕಂಪ್ಯೂಟರಿನ ಎಂ.ಟೆಕ್. ಮೊನ್ನೆ ಪದವಿಯ ಕಾಗದ ಮನೆಗೆ ಬಂತು. ದೇವರ ಜಗಲಿಯ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚಲು ಹೋದರೆ, ‘ಆಯಿ, ಅದಕ್ಕ ಏನೂ ಹಚ್ಚಬ್ಯಾಡ, ನಾಳೆ ನೌಕರಿಗೆ ಹೋದಲ್ಲಿ ತೋರಸೂದು ಇರತೈತಿ’ ಅಂತ ಕೈ ಹಿಡಿದಳು. ಅವಳು ಆ ಕಡೆ ಹೋದ ಮೇಲೆ ಕಾಗದ ತಿರುವಿ, ಹಿಂದೆ ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಚುಕ್ಕೆ ಕುಂಕುಮ ಇಟ್ಟೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಕನ್ನಡ ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಬರೆಯುತ್ತೇನೆ. ಆ ಕಾಗದದ ಇಂಗ್ಲಿಷು ನನಗೆ ಬರುವುದಿಲ್ಲ. ಇದರಲ್ಲಿ ನಿನ್ನ ಹೆಸರು ಎಲ್ಲಿದೆ ಅಂತ ಕೇಳಿ, ಅದರ ಮೇಲೆ ಬೆರಳಾಡಿಸಿದೆ.

ಸಂತೋಷ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಪೇಢೆ ಡಬ್ಬಿ ಹಿಡಿದು ಓಣಿಗೆಲ್ಲ ಹಂಚಲು ಹೊರಟೆ. ನಾವಿರುವುದು ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ. ಓಣಿಯಲ್ಲಿ ಅರ್ಧ ಮಂದಿ ತೆಲುಗಿನವರು, ಅರ್ಧ ಮಂದಿ ನಮ್ಮ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ದುಡಿಯಲು ಬಂದವರು. ಕಾಯಿಪಲ್ಲೆ ಗಾಡಿಯವನು ‘ಏಮ್ಮಾ, ಇಂಟ್ಲೋ ಪೆಳ್ಳಾ?’ ಅಂತ ಕೇಳಿದ. ಮದುವೆ ಅಲ್ಲಪ್ಪ, ಮದುವೆಗಿಂತ ದೊಡ್ಡದು ಅಂತ ಅರ್ಧ ತೆಲುಗು, ಅರ್ಧ ಕನ್ನಡ ಸೇರಿಸಿ ಹೇಳಿದೆ. ಇಸ್ತ್ರಿಯವನಿಗೆ ಎರಡು ಕೊಟ್ಟೆ. ಅವನ ಬಂಡಿಯ ಕೆಳಗೆ ಮಲಗುವ ನಾಯಿ ತಲೆ ಎತ್ತಿ ನೋಡಿತು, ಅದಕ್ಕೂ ಒಂದು.

ಓಣಿಯ ತುದಿಯಲ್ಲಿ ಹೊಸ ಬಿಲ್ಡಿಂಗ್ ಏಳುತ್ತಿದೆ. ಅವತ್ತು ಹಸಿ ಗೋಡೆಗೆ ಪೈಪಿನಿಂದ ನೀರು ಹೊಡೆಯುತ್ತಿದ್ದರು. ಹಸಿ ಸಿಮೆಂಟಿಗೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮಳೆ ಬಿದ್ದ ಮಣ್ಣಿನ ಹಾಗಲ್ಲ. ಸುಣ್ಣದ ಹಾಗೆ ಮೂಗಿಗೆ ಚುಚ್ಚುತ್ತದೆ, ಆದರೆ ತಂಪು. ಆ ವಾಸನೆ ನಮ್ಮ ಮನೆಯ ಬಟ್ಟೆಯಲ್ಲಿ, ಹಾಸಿಗೆಯಲ್ಲಿ, ನಮ್ಮ ಯಜಮಾನರ ಕೂದಲಲ್ಲಿ ಇಡೀ ಜನ್ಮ ಇತ್ತು. ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅಲ್ಲಿದ್ದ ಇಟ್ಟಂಗಿ ರಾಶಿಯ ಮೇಲೆ ಕೂತುಬಿಟ್ಟೆ.

ನೀರು ಹೊಡೆಯುತ್ತಿದ್ದ ಹೆಂಗಸು ಪೈಪು ಬದಿಗೆ ಹಿಡಿದು, ‘ಯಾಕ್ರೀ ಅಮ್ಮಾ, ತಲಿ ತಿರುಗಾಕತ್ತೈತೇನು?’ ಅಂದಳು. ನಮ್ಮ ಕಡೆಯವಳೇ.

‘ಇಲ್ಲವಾ, ಸ್ವಲ್ಪ ಕೂಡ್ತೀನಿ,’ ಅಂದೆ. ಕೂತಲ್ಲೇ ಹೋದ ವರ್ಷದ ಮಳೆಗಾಲ ಪೂರಾ ಕಣ್ಣ ಮುಂದೆ ಬಂತು.

ನಮ್ಮವರು ಗೌಂಡಿ. ಇಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಅನ್ನುತ್ತಿದ್ದರು. ಮದುವೆಯಾದ ಹೊಸತರಲ್ಲೇ ಇಬ್ಬರೂ ಊರು ಬಿಟ್ಟು ಇಲ್ಲಿಗೆ ಬಂದೆವು. ಅವರು ಗೋಡೆ ಕಟ್ಟುವುದು, ನಾನು ಬುಟ್ಟಿಯಲ್ಲಿ ಕಲಸಿದ ಸಿಮೆಂಟು ಹೊತ್ತು ಕೊಡುವುದು. ಕೂಕಟ್‌ಪಲ್ಲಿಯ ಮೇಲೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಬೆರಳು ತೋರಿಸಿ, ‘ಆ ಮೂರನೇ ಮಾಳಗಿ ನೋಡು, ಆ ಮೂಲಿ ನಂದು’ ಅನ್ನುತ್ತಿದ್ದರು. ಪಕ್ಕದಲ್ಲಿ ಕೂತವರು ಇವರಿಗೆ ಅಲ್ಲಿ ಫ್ಲ್ಯಾಟ್ ಇದೆ ಅಂದುಕೊಂಡು ಜಾಗ ಬಿಟ್ಟು ಕೂಡುತ್ತಿದ್ದರು. ನಾನು ತಿದ್ದಲು ಹೋಗುತ್ತಿರಲಿಲ್ಲ. ಕಲ್ಲು ಕೊಯ್ಯುವ ಮಷೀನು ಬಂದ ಮೇಲೆ ನಮ್ಮವರು ಗ್ರಾನೈಟು, ಟೈಲ್ಸು ಕೊಯ್ಯುವ ಕೆಲಸ ಹೆಚ್ಚು ಮಾಡಿದರು. ಸಂಜೆ ಮನೆಗೆ ಬಂದರೆ ಕಣ್ಣಿನ ರೆಪ್ಪೆ ಕೂಡ ಬೆಳ್ಳಗೆ.

ಸುವರ್ಣಾ ನಮ್ಮ ಮಗಳು ಶಾಂತಾಳ ಮಗಳು. ಶಾಂತಾ, ಅವಳ ಗಂಡ ಊರಲ್ಲೇ ಇದ್ದಾರೆ. ಓದಲಿ ಅಂತ ಈ ಹುಡುಗಿಯನ್ನು ಸಣ್ಣವಳಿದ್ದಾಗಲೇ ನಮ್ಮ ಹತ್ತಿರ ಬಿಟ್ಟಿದ್ದರು. ಇಂಜಿನಿಯರಿಂಗ್ ಮುಗಿಸಿದಳು, ಮತ್ತೊಂದು ಪರೀಕ್ಷೆ ಬರೆದು ಎಂ.ಟೆಕ್ ಸೀಟು ತಂದಳು. ‘ಇಂಜಿನಿಯರ್ ಆದಿ, ಇನ್ನೇನು ಓದೂದು ಉಳದೈತಿ?’ ಅಂತ ನಮ್ಮವರು ಕೇಳಿದರು. ‘ಇದು ಮ್ಯಾಲಿನ ಮಾಳಗಿ, ಮುತ್ಯಾ’ ಅಂದಳು. ಅಷ್ಟು ಹೇಳಿದ್ದೇ ಅವರಿಗೆ ಪೂರಾ ತಿಳಿಯಿತು. ಅವತ್ತಿನಿಂದ ಯಾರು ಕೇಳಿದರೂ, ‘ನಮ್ಮ ಹುಡಿಗಿ ಮ್ಯಾಲಿನ ಮಾಳಗಿ ಕಟ್ಟಾಕತ್ತಾಳ’ ಅನ್ನುತ್ತಿದ್ದರು.

ಮೊದಲ ವರ್ಷ ಏನು ಓದಿದಳೋ ನಮಗೆ ತಿಳಿಯದು. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿದರೆ ಕರೆದರೂ ಕೇಳುತ್ತಿರಲಿಲ್ಲ. ಎರಡನೇ ವರ್ಷದ ಕೆಲಸ ಮಾತ್ರ ನೇರ ನಮ್ಮ ಮನೆಯೊಳಗೆ ಬಂತು. ಮಳೆಗಾಲ ಸುರುವಾಗಿ ಮಿರಗದ ಮಳೆ ಹಿಡಿದಿತ್ತು. ಒಂದು ಸಂಜೆ ತೊಯ್ದ ಛತ್ರಿ ಬಾಗಿಲಲ್ಲಿಟ್ಟು, ಅಜ್ಜನ ಎದುರಿಗೆ ಕೂತು, ‘ಮುತ್ಯಾ, ನನಗ ನಿನ್ನ ಮಾತು ಬೇಕು’ ಅಂದಳು.

‘ಮಾತಿಗೇನು, ಎಷ್ಟಾರ ಒಯ್ಯಿ.’

‘ಹಂಗಲ್ಲ. ನಾವು ಮಾತಾಡಿದ್ದನ್ನ ಕೇಳಿ ಬರಿಯೋ ಮಷೀನ್ ಇರತೈತಿ. ಅದಕ್ಕ ಟೀವಿಯವರ ಕನ್ನಡ ತಿಳೀತೈತಿ, ನಮ್ಮದು ತಿಳಿಯಂಗಿಲ್ಲ. ನಮ್ಮ ಮಂದಿ ಇಲ್ಲಿ ದವಾಖಾನಿಗೆ ಹೋದ್ರ ಡಾಕ್ಟರ್‌ಗೆ ಕನ್ನಡ ಬರಂಗಿಲ್ಲ, ಇವರಿಗೆ ತೆಲುಗು ಬರಂಗಿಲ್ಲ. ಇವರು ಹೇಳಿದ್ದನ್ನ ಬರದು, ತೆಲುಗು ಮಾಡಿ ತೋರಸೋ ಹಂಗ ಅದಕ್ಕ ಕಲಿಸಬೇಕು.’

‘ಕಲಿಸಾಕ ನಾ ಏನು ಮಾಸ್ತರೇನು?’

‘ನೀ ಸುಮ್ನ ಮಾತಾಡು. ಕೂಸು ಮನ್ಯಾಗ ಕೇಳ್ಕೋಂತ ಕಲೀತೈತಲ್ಲ, ಹಂಗ ಕಲೀತೈತಿ.’

‘ಹಂಗಾದ್ರ ಬೈಗಳ ಬರಬಾರದು ನೋಡು,’ ಅಂದರು.

‘ಬೈಗಳ ತಗದ್ರ ಇವರ ಬಾಯಾಗ ಏನು ಉಳೀತೈತಿ?’ ಅಂತ ನಾನು ಒಲೆಯ ಹತ್ತಿರದಿಂದಲೇ ಅಂದೆ. ಮೂವರೂ ನಕ್ಕೆವು.

ನಮ್ಮದು ತಗಡಿನ ಮನೆ. ಮಳೆ ಬಿದ್ದರೆ ಎದುರಿಗಿದ್ದವರ ಮಾತೂ ಕೇಳುವುದಿಲ್ಲ. ಅದರ ಮೇಲೆ ರೈಲಿನ ಸದ್ದು ಬೇರೆ. ಅದಕ್ಕೆ ಸುವರ್ಣಾ ಒಂದು ಉಪಾಯ ಮಾಡಿದಳು. ನನ್ನ ಹಳೆ ಸೀರೆಗಳಿಂದ ಹೊಲಿದ ದಪ್ಪ ಕೌದಿ ಇತ್ತು. ಅದನ್ನು ಇಬ್ಬರ ತಲೆಯ ಮೇಲೂ ಹೊದ್ದು, ಒಳಗೆ ಫೋನು ಹಿಡಿದು ರೆಕಾರ್ಡ್ ಮಾಡುವುದು. ನಿತ್ಯ ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಯ ನಡುವೆ ಒಂದು ಕೌದಿಯ ಗುಡ್ಡ ಏಳುತ್ತಿತ್ತು. ಅದರೊಳಗೆ ಅಜ್ಜ, ಮೊಮ್ಮಗಳು. ಹೊರಗೆ ಮಳೆ, ನಾನು, ರೊಟ್ಟಿ.

‘ನಮಸ್ಕಾರ್ರೀ ಸಾಹೇಬ್ರ,’ ಅಂತ ಮೊದಲ ದಿನ ಒಳಗಿನಿಂದ ಕೇಳಿತು.

‘ಮುತ್ಯಾ, ಅದು ಫೋನು.’

‘ಆಗಲ್ಯಾಕ. ಮರ್ಯಾದಿ ಕೊಟ್ರ ಲಗೂನ ಕಲೀತೈತಿ.’

ಮರಳನ್ನು ಮುಷ್ಟಿಯಲ್ಲಿ ಹಿಚುಕಿ ಹೇಗೆ ನೋಡಬೇಕು, ಮೊದಲ ಸಾಲಿನ ಇಟ್ಟಂಗಿ ಇಡುವಾಗ ದಾರ ಹೇಗೆ ಕಟ್ಟಬೇಕು, ಎಲ್ಲ ಹೇಳುತ್ತಿದ್ದರು. ಒಂದು ದಿನ ನಾನು ಹೊಸ ಸೀರೆ ಉಟ್ಟು ಬುಟ್ಟಿಯ ಸಮೇತ ಕೆಸರಿನಲ್ಲಿ ಬಿದ್ದದ್ದನ್ನೂ ಹೇಳಿದರು. ‘ಅದನ್ಯಾಕ ಮಷೀನಿಗೆ ಹೇಳ್ತೀರಿ?’ ಅಂತ ಕೂಗಿದೆ. ‘ಏ ಸುಮ್ನಿರು, ರಿಕಾರ್ಡ್ ನಡದೈತಿ’ ಅಂತ ಕೌದಿ ಗದರಿಸಿತು. ಅವರು ನನ್ನೊಡನೆ ಅಷ್ಟು ಮಾತಾಡಿದವರಲ್ಲ. ದುಡಿದು ಬಂದು ಉಂಡು ಮಲಗುವ ಬಾಳು, ಮಾತಿಗೆ ಹೊತ್ತೆಲ್ಲಿ. ಈ ಊರಿಗೆ ಬಂದ ಮೊದಲ ವಾರ, ನಾಂಪಲ್ಲಿ ಸ್ಟೇಷನ್ನಿನಲ್ಲಿ ನನ್ನನ್ನು ಗಂಟಿನ ಹತ್ತಿರ ಕೂಡಿಸಿ ಕೆಲಸ ಕೇಳಲು ಹೋದವರು, ಒಂದು ಗೋಡೆಯ ಹಿಂದೆ ನಿಂತು ಅತ್ತು, ಮುಖ ತೊಳೆದು ಬಂದಿದ್ದರಂತೆ. ನನಗೆ ಅದು ಗೊತ್ತೇ ಇರಲಿಲ್ಲ. ಫೋನಿಗೆ ಹೇಳಿದರು, ನಾನು ಹೊರಗಿನಿಂದ ಕೇಳಿದೆ. ರೊಟ್ಟಿ ಸೀದದ್ದು ಆಮೇಲೆ ನೋಡಿದೆ.

ರೆಕಾರ್ಡ್ ಆದ ಮೇಲೆ ಸುವರ್ಣಾಳ ಕೆಲಸ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಬೇಡದ್ದನ್ನೆಲ್ಲ ಕತ್ತರಿಸುವುದು. ರೈಲಿನ ಕೂಗು, ನನ್ನ ಕುಕ್ಕರಿನ ಸೀಟಿ, ಪಕ್ಕದ ಮನೆಯ ಕೂಸಿನ ಅಳು. ಜೋಳ ಹಸನು ಮಾಡಿದ ಹಾಗೆ. ನಮ್ಮವರ ಕೆಮ್ಮನ್ನೂ ಕತ್ತರಿಸುತ್ತಿದ್ದಳು. ‘ಮಷೀನಿಗೆ ಮಾತಷ್ಟ ಬೇಕು, ಆಯಿ’ ಅಂತ ಹೇಳಿದ್ದಳು. ಸಿಮೆಂಟಿನಲ್ಲಿ ದುಡಿಯುವವರಿಗೆ ಕೆಮ್ಮು ಇರುವುದೇ ಅಂತ ನಾವ್ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರು ಮನೆಯ ತಿರುವಿಗೆ ಬಂದಾಗ ಮೊದಲು ಕೆಮ್ಮು ಕೇಳುತ್ತಿತ್ತು, ನಾನು ಚಹಾಕ್ಕೆ ಇಡುತ್ತಿದ್ದೆ. ಅಷ್ಟೇ.

ಶ್ರಾವಣದಲ್ಲಿ ಒಂದು ಭಾನುವಾರ, ಮಧ್ಯಾಹ್ನ, ಅವಳು ಹೆಡ್‌ಫೋನ್ ಕುತ್ತಿಗೆಗೆ ಇಳಿಸಿಕೊಂಡು ಸುಮ್ಮನೆ ಕೂತಿದ್ದಳು. ಅಜ್ಜ ಹೊರಗೆ ಹೋಗಿದ್ದರು.

‘ಆಯಿ, ಮುತ್ಯಾನ ಕೆಮ್ಮು ಬದಲಾಗೈತಿ.’

‘ಕೆಮ್ಮು ಏನು ಬದಲಾಗತೈತಿ?’

ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, ಮಿರಗದಲ್ಲಿ ಮಾಡಿದ್ದನ್ನು ಮೊದಲು ಕೇಳಿಸಿದಳು. ಆಮೇಲೆ ಹಿಂದಿನ ಸಂಜೆಯದು. ಮೊದಲನೆಯದು ಗಂಟಲಿನ ಕೆಮ್ಮು. ಎರಡನೆಯದು ಎಲ್ಲಿಂದಲೋ ಕೆಳಗಿನಿಂದ, ಖಾಲಿ ಬ್ಯಾರಲ್ಲಿಗೆ ಕಲ್ಲು ಒಗೆದ ಹಾಗೆ. ಕೊನೆಗೆ ಒಂದು ಸಣ್ಣ ಸೀಟಿ. ನಾನು ನಿತ್ಯ ಅವರ ಪಕ್ಕದಲ್ಲಿ ಮಲಗುವವಳು. ನಿತ್ಯ ಕೇಳುತ್ತಿದ್ದದ್ದಕ್ಕೇ ನನಗೆ ಗೊತ್ತಾಗಿರಲಿಲ್ಲ. ಕತ್ತರಿಸಿ ಕತ್ತರಿಸಿ ಬದಿಗಿಡುತ್ತಿದ್ದ ಹುಡುಗಿಗೆ ಗೊತ್ತಾಯಿತು.

ಎದೆಯ ದವಾಖಾನೆಗೆ ಹೋದೆವು. ಫೋಟೋ ತೆಗೆದರು, ಊದಿಸಿ ನೋಡಿದರು. ಕಲ್ಲಿನ ಧೂಳು ಎದೆಯೊಳಗೆ ಕೂತು ಗಟ್ಟಿಯಾಗಿದೆ ಅಂದರು. ಅದನ್ನು ತೆಗೆಯಲು ಬರುವುದಿಲ್ಲವಂತೆ. ಇನ್ನು ಕೆಲಸಕ್ಕೆ ಹೋಗಬಾರದು, ಮಾತ್ರೆ, ಉಸಿರಿಗೆ ಎಳೆದುಕೊಳ್ಳುವ ಔಷಧ ಬಿಡಬಾರದು ಅಂತ ಡಾಕ್ಟರು ತೆಲುಗಿನಲ್ಲಿ ಹೇಳಿದರು, ಸುವರ್ಣಾ ನಮಗೆ ಕನ್ನಡದಲ್ಲಿ ಹೇಳಿದಳು. ಎಲ್ಲವನ್ನೂ ಹೇಳಲಿಲ್ಲ ಅಂತ ಅವಳ ಮುಖ ನೋಡಿದರೇ ತಿಳಿಯುತ್ತಿತ್ತು.

ನಮ್ಮ ಪಕ್ಕದ ಬೆಂಚಿನಲ್ಲಿ ರಾಯಚೂರು ಕಡೆಯ ಒಬ್ಬ ಕೂಲಿಯವನು ಇದ್ದ. ಜೊತೆಗೆ ಯಾರೂ ಇಲ್ಲ. ನರ್ಸು ಎಷ್ಟು ದಿನದಿಂದ ಅಂತ ಕೇಳುತ್ತಾಳೆ, ಅವನು ಎದೆ ಮುಟ್ಟಿ ಬೆನ್ನು ಮುಟ್ಟಿ ತೋರಿಸುತ್ತಾನೆ. ಸುವರ್ಣಾ ಎದ್ದು ಹೋಗಿ ಅವನ ಮಾತು ನರ್ಸಿಗೆ, ನರ್ಸಿನ ಮಾತು ಅವನಿಗೆ ಹೇಳಿ ಬಂದಳು. ನಮ್ಮವರು ನೋಡುತ್ತ ಕೂತಿದ್ದರು. ‘ನಿನ್ನ ಮಷೀನು ಇಲ್ಲಿ ಇರಬೇಕವಾ’ ಅಂದರು. ತಮ್ಮ ಎದೆಯ ವಿಷಯ ಒಂದು ಮಾತೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಸುವರ್ಣಾ ಓದು ಬಿಡುವ ಮಾತು ತೆಗೆದಳು. ಇಂಜಿನಿಯರಿಂಗಿನ ಮೇಲೇ ನೌಕರಿ ಸಿಗುತ್ತದೆ, ಎಂ.ಟೆಕ್ ಆಮೇಲೆ ನೋಡೋಣ, ಮುತ್ಯಾನನ್ನು ನೋಡಿಕೊಳ್ಳುವುದು ಮುಖ್ಯ ಅಂದಳು. ನಮ್ಮವರು ಊಟದ ಗಂಗಾಳ ಬದಿಗೆ ಸರಿಸಿದರು.

‘ಸ್ಲ್ಯಾಬ್ ಹಾಕೂದು ನೋಡೀ ಹೌದಿಲ್ಲೋ?’

‘ನೋಡೀನಿ.’

‘ಮುಂಜಾನೆ ಸುರು ಮಾಡಿದ್ರ ನಡುವ ನಿಲ್ಲಸಾಂಗಿಲ್ಲ. ಮಳಿ ಬಂದ್ರ ಮ್ಯಾಲ ತಾಡಪತ್ರಿ ಹಿಡಿದು ಮುಗಸ್ತೀವಿ. ಯಾಕ? ಅರ್ಧಕ್ಕ ನಿಲ್ಲಿಸಿ ನಾಳೆ ಹಾಕಿದ್ರ ಹಳೇದಕ್ಕ ಹೊಸಾದು ಕೂಡಂಗಿಲ್ಲ. ಅಲ್ಲೊಂದು ಗೆರಿ ಉಳೀತೈತಿ. ಮುಂದ ಸೋರಾಕ ಹತ್ತಿದ್ರ ಅಲ್ಲಿಂದಲೇ ಸೋರತೈತಿ, ಯಾರಿಂದಲೂ ಬಂದ್ ಮಾಡಾಕ ಆಗೂದಿಲ್ಲ.’ ಉಸಿರು ಸಾಲದೆ ನಿಂತರು. ಮತ್ತೆ, ‘ನಾ ಇರಲಿ ಬಿಡಲಿ, ನೀ ಮುಗಸು. ಇದೊಂದು ಮಾತು ನಡಸಿಕೊಡು’ ಅಂದರು.

ಅವಳು ಸರಿಸಿದ್ದ ಗಂಗಾಳವನ್ನು ತಿರುಗಿ ಅವರ ಮುಂದೆ ಇಟ್ಟಳು. ಸಂಜೆ ಅವರೇ ಎದ್ದು ಕೌದಿ ತಂದು ನಡುಮನೆಯಲ್ಲಿ ಒಗೆದರು. ‘ಬಾ’ ಅಂದರು.

ಆಮೇಲಿನ ದಿನಗಳಲ್ಲಿ ಮಾತು ಕಡಿಮೆಯಾಯಿತು. ಒಂದು ವಾಕ್ಯ ಹೇಳಿದರೆ ಎರಡು ಸಲ ನಿಲ್ಲುವರು. ಕೆಮ್ಮು ಕತ್ತರಿಸಿದ ಮೇಲೆ ಉಳಿಯುತ್ತಿದ್ದದ್ದು ಬಹಳ ಸ್ವಲ್ಪ. ‘ಇವತ್ತಿಂದು ಎಷ್ಟು ಉಳೀತು?’ ಅಂತ ದಿನಾ ಕೇಳುತ್ತಿದ್ದರು. ಸುವರ್ಣಾ ಹೆಚ್ಚು ಮಾಡಿ ಹೇಳುತ್ತಿದ್ದಳು. ಕಟ್ಟಿದ ಗೋಡೆಯನ್ನು ಕಣ್ಣಳತೆಯಲ್ಲಿ ಅಳೆಯುತ್ತಿದ್ದ ಮನುಷ್ಯ ಅವರು. ಸುಳ್ಳು ತಿಳಿಯದೆ ಇದ್ದೀತೆ? ಒಂದು ಭಾನುವಾರ ಬೆಳಿಗ್ಗೆ ಹೇಳದೆ ಕೇಳದೆ ಅಡ್ಡಾಕ್ಕೆ ಹೋದರು. ಕೂಲಿಯವರೆಲ್ಲ ಮುಂಜಾನೆ ಕೆಲಸಕ್ಕೆ ಕಾದು ನಿಲ್ಲುವ ಜಾಗ ಅದು. ಅವತ್ತು ಕೆಲಸ ಸಿಗದೆ ಉಳಿದ ನಮ್ಮ ಕಡೆಯವರನ್ನೆಲ್ಲ ಕರೆದುಕೊಂಡು ಬಂದರು. ಓಣಿ ತುಂಬಾ ಮಂದಿ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮೇಸ್ತ್ರಿಯ ಹಾಗೆ ಕೂತು, ‘ಒಬ್ಬೊಬ್ಬರ ಬರ್ರಿ, ನೂಕಬ್ಯಾಡ್ರಿ, ಯಾದಗಿರಿಯವರು ಈ ಕಡೆ’ ಅಂದರು.

ಹಣಮವ್ವ ಅಂತ ಒಬ್ಬಳು ಕೌದಿಯೊಳಗೆ ಹೋದವಳೇ ಗಂಡನನ್ನು ಬೈಯಲು ಸುರು ಮಾಡಿದಳು. ಕುಡಿಯುವುದು, ಕೆಲಸಕ್ಕೆ ಹೋಗದಿರುವುದು, ಅತ್ತೆಯದು, ನಾದಿನಿಯದು. ಸುವರ್ಣಾ ಮೆಲ್ಲಗೆ, ‘ಅಕ್ಕಾರ, ಇದು ಎಲ್ಲಾ ಮಷೀನಿಗೆ ಹೋಗತೈತ್ರಿ’ ಅಂದಳು.

‘ಹೋಗ್ತೈತೇನು? ಹಂಗಾದ್ರ ಇನ್ನಷ್ಟು ಐತಿ, ತಡಿ,’ ಅಂದಳು ಹಣಮವ್ವ. ಹೊರಗೆ ಅವಳ ಗಂಡ ತಲೆ ಕೆಳಗೆ ಹಾಕಿಕೊಂಡು ತನ್ನ ಪಾಳಿ ಕಾಯುತ್ತಿದ್ದ. ನಮ್ಮವರು ನಕ್ಕು ನಕ್ಕು ಕೆಮ್ಮಿದರು, ಕೆಮ್ಮಿ ಕೆಮ್ಮಿ ನಕ್ಕರು. ಅದೇ ನಾನು ನೋಡಿದ ಅವರ ಕೊನೆಯ ದೊಡ್ಡ ನಗು.

ದಸರೆಗೆ ಎಲ್ಲರಿಗೂ ಬನ್ನಿ ಕೊಟ್ಟರು. ಕೂತಲ್ಲೇ ಕೊಟ್ಟರು, ಏಳಲು ಆಗುತ್ತಿರಲಿಲ್ಲ. ಸುವರ್ಣಾಳ ಲ್ಯಾಪ್‌ಟಾಪಿನ ಮೇಲೂ ಎರಡು ಎಲೆ ಇಟ್ಟರು. ಅದರ ನಾಲ್ಕೇ ದಿನಕ್ಕೆ ಉಸಿರು ಸಿಕ್ಕಿಕೊಂಡಿತು, ದವಾಖಾನೆಯಲ್ಲಿ ಹಾಸಿಗೆ ಹಿಡಿದರು. ಮೂಗಿಗೆ ನಳಿಕೆ. ಆದರೂ ಅವಳನ್ನು ಸುಮ್ಮನೆ ಕೂಡಲು ಬಿಡುತ್ತಿರಲಿಲ್ಲ. ಕೈಸನ್ನೆಯಲ್ಲಿ ಲ್ಯಾಪ್‌ಟಾಪ್ ತೆಗಿ ಅನ್ನುವರು. ಅವಳು ಅವರ ಕಾಲಿನ ಹತ್ತಿರ ಸ್ಟೂಲು ಹಾಕಿಕೊಂಡು, ಹೆಡ್‌ಫೋನ್ ಹಾಕಿಕೊಂಡು, ಹಿಂದೆ ಮಾಡಿದ್ದನ್ನು ಹಸನು ಮಾಡುತ್ತಿದ್ದಳು.

ಒಂದು ಮಧ್ಯಾಹ್ನ, ಹೊರಗೆ ಬಿಸಿಲಿತ್ತು, ನಾನು ಔಷಧ ತರಲು ಕೆಳಗೆ ಹೋಗಿದ್ದೆ. ಬರುವಷ್ಟರಲ್ಲಿ ಹಾಸಿಗೆಯ ಸುತ್ತ ಮಂದಿ ನಿಂತಿದ್ದರು. ಸುವರ್ಣಾ ಗೋಡೆಗೆ ಅಂಟಿಕೊಂಡು ನಿಂತಿದ್ದಳು, ಹೆಡ್‌ಫೋನ್ ಇನ್ನೂ ಕುತ್ತಿಗೆಯಲ್ಲಿತ್ತು. ಅದರಿಂದ ಸಣ್ಣಗೆ ನಮ್ಮವರ ಮಾತು ಬರುತ್ತಿತ್ತು. ಯಾರಿಗೂ ಅದನ್ನು ನಿಲ್ಲಿಸುವ ಎಚ್ಚರ ಇರಲಿಲ್ಲ.

ಊರಿಗೆ ಒಯ್ದು ಮಣ್ಣು ಮಾಡಿದೆವು. ದಿನದ ಕಾರ್ಯ ಎಲ್ಲ ಮುಗಿಸಿ ನಾವಿಬ್ಬರೇ ತಿರುಗಿ ಬಂದೆವು. ಶಾಂತಾ ಊರಲ್ಲೇ ಇರು ಅವ್ವಾ ಅಂದಳು, ನಾನು ಒಲ್ಲೆ ಅಂದೆ. ಈ ಹುಡುಗಿಯ ಓದು ಮುಗಿಯಬೇಕಿತ್ತು. ಅವರು ಜೀವ ಇರುವಾಗ ನಮ್ಮ ಹತ್ತಿರ ಕೇಳಿಕೊಂಡದ್ದು ಅದೊಂದೇ.

ಆದರೆ ಅವಳು ಕಾಲೇಜಿಗೆ ಹೋಗಲಿಲ್ಲ. ಲ್ಯಾಪ್‌ಟಾಪು ಚೀಲದಿಂದ ಹೊರಗೆ ಬರಲಿಲ್ಲ. ಅವಳಿಗೆ ಕ್ಲಾಸು ಹೇಳುವ ಮೇಡಮ್ಮು, ತೆಲುಗಿನವರು, ಮನೆಗೇ ಬಂದು ಹೋದರು. ಇನ್ನಷ್ಟು ದಿನ ಕೊಡಿಸುತ್ತೇನೆ, ಬಿಡಬೇಡ ಅಂದರು. ಇವಳು ತಲೆ ಅಲ್ಲಾಡಿಸಿದಳು, ಅಷ್ಟೇ. ಮೇಡಮ್ಮು ಹೋದ ಮೇಲೆ ನಾನು ಹತ್ತಿರ ಕೂತು ಕೇಳಿದೆ. ‘ಯಾಕ ಒಲ್ಲಿ? ಮುಗಸು ಅಂತ ಅವರು ಹೇಳಿ ಹೋಗ್ಯಾರಲ್ಲ.’

‘ಕಿವ್ಯಾಗ ಮುತ್ಯಾನ ದನೀನ ಇತ್ತು, ಆಯಿ. ಅದಕ್ಕ ಮುತ್ಯಾ ಕರದದ್ದು ಕೇಳಲಿಲ್ಲ.’

‘ಕರದರು ಅಂತ ಯಾರು ಹೇಳಿದ್ರು ನಿನಗ?’

‘ಬಾಜೂ ಹಾಸಗಿಯವರು ನೋಡ್ಯಾರ. ಕೈ ಎತ್ತಿದ್ದನಂತ. ನಾ ಅಲ್ಲೇ ಇದ್ದೆ. ಮಾತು ಕೇಳ್ಕೋಂತ ಇದ್ದೆ, ಮುಖ ನೋಡಲಿಲ್ಲ.’

ಇಲ್ಲ ಅಂದರೆ ಸುಳ್ಳು. ಹೌದು ಅಂದರೆ ಹುಡುಗಿ ಉಳಿಯುವುದಿಲ್ಲ. ತಲೆ ನೇವರಿಸುತ್ತ ಕೂತೆ. ಚಳಿ ಬಿತ್ತು, ಹಗಲು ಸಣ್ಣದಾಯಿತು. ಮನೆಯಲ್ಲಿ ಯಾರೂ ಕೆಮ್ಮದ ಮೌನ ಎಂಥದ್ದು ಅಂತ ಆಗ ಗೊತ್ತಾಯಿತು.

ಒಂದು ದಿನ ನಾನೇ ಚೀಲದಿಂದ ಹೆಡ್‌ಫೋನ್ ತೆಗೆದೆ. ‘ಇನ್ನೇನು ಕೆಲಸ ಉಳದೈತಿ ಹೇಳು’ ಅಂದೆ.

‘ಮುತ್ಯಾ ಏನೇನು ಮಾತಾಡ್ಯಾನ, ಎಲ್ಲಾ ಬರಿಬೇಕು. ಒಂದಕ್ಷರ ತಪ್ಪಬಾರದು. ಅದನ್ನ ನೋಡೇ ಮಷೀನು ಕಲಿಯೂದು. ನನ್ನಿಂದ ಆಗೂದಿಲ್ಲ ಆಯಿ, ಕೇಳಾಕ ಆಗೂದಿಲ್ಲ.’

‘ನೀ ಕೇಳಬ್ಯಾಡ. ನಾ ಕೇಳಿ ಹೇಳ್ತೀನಿ, ನೀ ಬರಿ.’

ಹಾಗೆ ಸುರುವಾಯಿತು. ನನ್ನ ಕಿವಿಯಲ್ಲಿ ಅವರು ಮಾತಾಡುವರು, ನಾನು ಅದನ್ನೇ ಬಾಯಿಬಿಟ್ಟು ಹೇಳುವೆನು, ಅವಳು ಬರೆಯುವಳು. ಮೊದಲ ದಿನ ಸ್ವಲ್ಪ ಹೊತ್ತಿಗೇ ಹೆಡ್‌ಫೋನ್ ತೆಗೆದಿಟ್ಟೆ. ದನಿ ಅವರದೇ, ಆದರೆ ಒಂದು ಮಾತು ಮುಗಿಯುತ್ತಲೇ ಇನ್ನೊಂದು. ನಡುವೆ ಉಸಿರಿಲ್ಲ. ಟೀವಿಯಲ್ಲಿ ಓದುವವರ ಹಾಗೆ.

‘ಇದು ಯಾರೋ ಅವರ ಹಂಗ ಮಾತಾಡ್ಯಾರ,’ ಅಂದೆ. ‘ಕೆಮ್ಮು ಎಲ್ಲಿ?’

‘ತಗದೀನಲ್ಲ, ಆಯಿ.’

‘ಒಗದ್ಯಾ?’

‘ಇಲ್ಲ. ಮೊದಲಿಂದು ಹಂಗ ಬ್ಯಾರೆ ಕಡೆ ಇಟ್ಟೀನಿ.’

‘ಅದನ್ನ ಹಾಕು ಹಂಗಾದ್ರ.’

ಹಾಕಿದಳು. ಕೌದಿಯೊಳಗಿನ ಗಾಳಿ ಕೂಡ ಕೇಳಿತು. ತಗಡಿನ ಮೇಲೆ ದೂರದ ಮಳೆ, ರೈಲು, ನನ್ನದೇ ಕೂಗು, ಅವರ ಕೆಮ್ಮು. ಕಣ್ಣು ಒರೆಸಿಕೊಂಡು ಹೇಳಲು ಹತ್ತಿದೆ. ‘ಮರಳು ಮುಷ್ಟ್ಯಾಗ ಹಿಡಿದು... ಇಲ್ಲಿ ಕೆಮ್ಮಿದ್ರು... ಹಿಚಕಬೇಕು, ಕೈಗೆ ಅಂಟಿದ್ರ... ಇಲ್ಲಿ ಮತ್ತ ಕೆಮ್ಮಿದ್ರು... ಅದ್ರಾಗ ಮಣ್ಣೈತಿ ಅಂತ ತಿಳಿ.’ ಮುಂಜಾನೆ ಅಡಿಗೆ ಮುಗಿಸಿ ಕೂತರೆ ಬಿಸಿಲು ಬಾಗಿಲಿನಿಂದ ಸರಿದು ಹೋಗುವವರೆಗೆ. ಅವರು ಬದುಕಿದ್ದಾಗ ನನ್ನ ಕೂಡ ಇಷ್ಟು ಹೊತ್ತು ಎಂದೂ ಕೂತಿರಲಿಲ್ಲ.

ಹೀಗೇ ಒಂದು ದಿನ ಹೇಳುತ್ತಿರುವಾಗ ಸುವರ್ಣಾಳ ಕೈ ನಿಂತಿತು. ‘ಆಯಿ, ದವಾಖಾನಿಗೆ ಬರೋರು ಕೆಮ್ಮದ ಹೆಂಗ ಮಾತಾಡ್ತಾರ?’

ನನ್ನನ್ನು ಕೇಳಿದಳು ಅಂದುಕೊಂಡು, ‘ಹೆಂಗ ಮಾತಾಡ್ತಾರ, ಕೆಮ್ಕೋಂತ ಮಾತಾಡ್ತಾರ’ ಅಂದೆ. ಅವಳು ನನ್ನನ್ನು ಕೇಳಿರಲಿಲ್ಲ. ಗೋಡೆ ನೋಡುತ್ತಿದ್ದಳು. ‘ನಾ ಕೆಮ್ಮು ತಗದು ಕಲಿಸಿದ್ರ ಆ ಮಷೀನು ಮುತ್ಯಾನಂಥವರಿಗೆ ಏನು ಉಪಯೋಗ?’ ಅಂದಳು. ತಲೆ ಕೂಡ ಬಾಚಿಕೊಳ್ಳದೆ ಚಪ್ಪಲಿ ಮೆಟ್ಟಿಕೊಂಡು ಮೇಡಮ್ಮಿನ ಹತ್ತಿರ ಓಡಿದಳು. ಎಷ್ಟೋ ವಾರದ ಮೇಲೆ ಕಾಲೇಜಿನ ಕಡೆ ಹೋದದ್ದು ಅವತ್ತೇ. ಸಂಜೆ ಬಂದು, ಎಲ್ಲಾ ಹೊಸದಾಗಿ ಮಾಡುತ್ತೇನೆ, ಕೆಮ್ಮು, ದಮ್ಮು, ನಡುವೆ ನಿಂತದ್ದು ಏನೂ ತೆಗೆಯದೆ ಕಲಿಸುತ್ತೇನೆ, ಮೇಡಮ್ಮು ಒಪ್ಪಿದ್ದಾರೆ ಅಂದಳು. ಅವತ್ತು ಎರಡು ರೊಟ್ಟಿ ಹೆಚ್ಚು ಉಂಡಳು. ನಾನು ಒಲೆಯ ಕಡೆ ಮುಖ ಮಾಡಿ ಕೂತಿದ್ದೆ, ಅಳುವುದು ಕಾಣಬಾರದು ಅಂತ.

ಬೇಸಿಗೆಯವರೆಗೂ ದುಡಿದಳು. ಆಮೇಲೆ ಅವಳೇ ಹೆಡ್‌ಫೋನ್ ಹಾಕಿಕೊಳ್ಳಲು ಸುರು ಮಾಡಿದಳು. ಒಂದು ಕಿವಿಗೆ ಮಾತ್ರ. ಇನ್ನೊಂದು ಕಿವಿ ಬಿಟ್ಟಿರುತ್ತಿದ್ದಳು. ಈಗಲೂ ಹಾಗೇ.

ಕೊನೆಯ ಪರೀಕ್ಷೆ ಬರೆಯುವುದಲ್ಲ, ದೊಡ್ಡವರ ಮುಂದೆ ನಿಂತು ಮಾಡಿದ ಕೆಲಸ ಹೇಳುವುದಂತೆ. ನನ್ನನ್ನೂ ಕರೆದುಕೊಂಡು ಹೋದಳು. ಒಳಗೆ ಬಿಡುವುದಿಲ್ಲ ಅಂತ ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಬಿಸಿಲು ಜೋರಿತ್ತು. ಬಾಗಿಲು ಮುಚ್ಚಿತ್ತು, ಆದರೆ ಒಳಗಿನ ಸದ್ದು ಕೇಳುತ್ತಿತ್ತು. ಅವಳ ಇಂಗ್ಲಿಷು ಕೇಳುತ್ತ ಕೂತೆ. ಒಂದು ಮಾತೂ ತಿಳಿಯಲಿಲ್ಲ, ಎಲ್ಲೂ ತಡವರಿಸಲಿಲ್ಲ ಅನ್ನುವುದು ಮಾತ್ರ ತಿಳಿಯಿತು. ಯಾರೋ ಗಂಡಸರು ಏನೋ ಕೇಳಿದರು. ಅವಳು ಏನೋ ಹೇಳಿದಳು.

ಆಮೇಲೆ ದೊಡ್ಡ ಸ್ಪೀಕರಿನಲ್ಲಿ ನಮ್ಮವರ ದನಿ ಬಂತು. ಎರಡು ಮಾತು ಆಡಿದರು. ಕೆಮ್ಮು ಬಂತು. ಒಂದು ಸಲ, ಮತ್ತೊಂದು ಸಲ, ಬಿಡದೆ.

ನಾನು ಎದ್ದದ್ದು ನನಗೇ ಗೊತ್ತಿಲ್ಲ. ಚೀಲದಿಂದ ನೀರಿನ ಬಾಟ್ಲಿ ತೆಗೆದು, ಮುಚ್ಚಳ ತಿರುವಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಹತ್ತಿರ ಹೋಗಿ ನಿಂತಿದ್ದೆ. ಒಂದು ಕೈ ಬಾಗಿಲಿನ ಮೇಲಿತ್ತು. ಅಲ್ಲಿದ್ದ ಪ್ಯೂನು ಎದ್ದು ಬಂದು, ‘ಕ್ಯಾ ಹೋನಾ, ಅಮ್ಮಾ?’ ಅಂತ ಮೆಲ್ಲಗೆ ಕೇಳಿದ.

‘ನೀರು,’ ಅಂದೆ.

‘ಪಾನೀ ತೋ ಹೈ ನಾ ಹಾಥ್ ಮೇಂ.’

ಹೌದು, ಕೈಯಲ್ಲೇ ಇತ್ತು. ಯಾರಿಗೆ ಅಂತ ಅವನು ಕೇಳಲಿಲ್ಲ, ಪುಣ್ಯ. ಒಳಗೆ ಕೆಮ್ಮು ನಿಂತು ಮತ್ತೆ ಮಾತು ಬಂತು. ನಾನು ಬಾಟ್ಲಿ ಹಿಡಿದುಕೊಂಡು ಅಲ್ಲೇ ನಿಂತೆ. ಬೆಂಚಿಗೆ ತಿರುಗಿ ಹೋಗಲು ಮನಸ್ಸಾಗಲಿಲ್ಲ.

ಬಾಗಿಲು ತೆರೆಯಿತು. ಮೊದಲು ಒಬ್ಬ ಹಿರಿಯರು ಬಂದರು, ನನ್ನ ಕಡೆ ನೋಡಿ ಕೈ ಮುಗಿದು ಹೋದರು. ಹಿಂದೆ ಮೇಡಮ್ಮು. ಅವರ ಹಿಂದೆ ಸುವರ್ಣಾ. ಅವಳು ನನ್ನ ಮುಖ ನೋಡಿದಳು, ತಲೆಯ ಮೇಲಿನ ಸೆರಗು ನೋಡಿದಳು, ಕೈಯಲ್ಲಿ ತೆರೆದಿದ್ದ ಬಾಟ್ಲಿ ನೋಡಿದಳು. ಇಸಿದುಕೊಂಡು ನಿಂತಲ್ಲೇ ಅರ್ಧ ಕುಡಿದಳು. ಬಾಯಿ ಒರೆಸಿಕೊಂಡು, ‘ಮುಗೀತು, ಆಯಿ. ಪಾಸ್ ಅಂದ್ರು’ ಅಂದಳು. ಮತ್ತೆ ಬಾಟ್ಲಿ ಎತ್ತಿ, ಉಳಿದ ನೀರನ್ನೂ ಒಂದು ಹನಿ ಬಿಡದೆ ಕುಡಿದಳು.